ಹುಡುಗಿಯ ಜಾತಕಕ್ಕೆ ಬಂದ ವಾರ್ನಿಂಗು

ತಪ್ಪು ಹುಡುಕುವಾಗ ಜಾಣರು ತಲೆ ಓಡಿಸುತ್ತಾರೆ, ನನ್ನಂಥವರು ಪ್ರಿಂಟು ತೆಗೆಯುತ್ತಾರೆ. ನಾನು ಬರೆದ ಕಂಪ್ಯೂಟರ್ ಪ್ರೋಗ್ರಾಮು ಎಲ್ಲಾದರೂ ಎಡವಿದರೆ, ಅದರ ಹೊಟ್ಟೆಯಲ್ಲಿರುವ ಮಾಹಿತಿಯನ್ನೆಲ್ಲ ಬ್ರಾಕೆಟ್ಟು, ಬಾಣಗಳ ಸಮೇತ ಕಕ್ಕಿಸಿ ನೋಡುತ್ತೇನೆ. ಕಣ್ಣಿಗೆ ಬೀಳಲಿ ಅಂತ ಅದರ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ದಪ್ಪಗೆ 'ವಾರ್ನಿಂಗ್' ಎಂದು ಬರೆಸುತ್ತೇನೆ. ಕೆಲಸ ಮುಗಿದ ಮೇಲೆ, ಹಾಗೆ ಬರೆಸಲು ಪ್ರೋಗ್ರಾಮಿಗೆ ಸೇರಿಸಿದ ಸಾಲನ್ನು ಅಳಿಸಬೇಕು. ಅಳಿಸಲು ಮರೆಯುವುದೂ ನನ್ನ ಪದ್ಧತಿಯೇ.

ಆಗ ತಾಳವಾಡಿ ಬಸ್ ಸ್ಟ್ಯಾಂಡಿನ ಪಕ್ಕ ನನ್ನದೊಂದು ಜೆರಾಕ್ಸ್ ಅಂಗಡಿಯಿತ್ತು. ಜೆರಾಕ್ಸಿನಿಂದ ಹೊಟ್ಟೆ ತುಂಬದೆ, ನಾನೇ ಪ್ರೋಗ್ರಾಮು ಬರೆದು ಕಂಪ್ಯೂಟರ್ ಜಾತಕವನ್ನೂ ಶುರು ಮಾಡಿದ್ದೆ. ಗ್ರಹಗಳ ವಿಷಯದಲ್ಲಿ ನನ್ನ ಜ್ಞಾನ ಸೊನ್ನೆ. ಆದರೆ ಕಂಪ್ಯೂಟರ್ ಹೇಳಿತೆಂದರೆ ನಮ್ಮ ಕಡೆ ಪಂಚಾಂಗದವರೂ ಕನ್ನಡಕ ಸರಿಮಾಡಿಕೊಂಡು ತಲೆಯಾಡಿಸುತ್ತಿದ್ದರು.

ಒಂದು ದಿನ ಗೆಟ್ಟವಾಡಿಯ ಮಾದಪ್ಪ ಹಿರಿಮಗಳ ಜಾತಕ ಬರೆಸಲು ಬಂದರು. ಜೊತೆಗೆ ಜೀರಹಳ್ಳಿಯ ಗಂಡಿನ ಕಡೆಯವರು, ಹುಡುಗನ ಅಜ್ಜಿ ಮತ್ತು ಸೋದರಮಾವ. ಹುಡುಗಿಯನ್ನು ಅವರು ಆಗಲೇ ಒಪ್ಪಿದ್ದರು, ಜಾತಕವೊಂದೇ ಬಾಕಿ. ಪ್ರಿಂಟರು ಕಿರ್ರೆಂದು ಕಾಗದ ಹೊರಹಾಕಿತು. ಸೋದರಮಾವ ಅದನ್ನು ಓದಿ ಮುಖ ಗಂಟಿಕ್ಕಿದರು.

"ಏನ್ ಸ್ವಾಮಿ, ಎಣ್ಣಿನ ಎಸರ ಮೇಲೆ ವಾರ್ನಿಂಗ್ ಅಂತ ಬಂದದೆ? ಸಿಗರೇಟ್ ಪ್ಯಾಕ್ ಮೇಲೆ ಆಕ್ತರಲ್ಲ, ಅದೇ ಮಾತಲ್ವಾ?"

ಮಾದಪ್ಪ ಗಾಬರಿಯಿಂದ ನನ್ನತ್ತ ತಿರುಗಿದರು. "ಅದು ನಾನೇ ಬರ್ದಿದ್ದು ಕಣಣ್ಣ, ಒಳ್ಗೇನದೆ ಅಂತ ನೋಡಕ್ಕೆ" ಎಂದೆ.

"ಒಳ್ಗೆ ಏನೋ ಅದೆ ಅಂತ ನೀವೇ ಏಳ್ತಿದ್ದರಿ" ಎಂದರು ಸೋದರಮಾವ.

ನಿಜ ಹೇಳಿದ್ದರಿಂದ ವಿಷಯ ಇನ್ನೂ ಕೆಟ್ಟಿತು. ಪಾಪದ ಹುಡುಗಿ, ನನ್ನ ಸೋಮಾರಿತನಕ್ಕೆ ಅವಳ ಮದುವೆ ಮುರಿಯುವುದೆಂದರೆ ಯಾವ ನ್ಯಾಯ? ಅಷ್ಟರಲ್ಲಿ ಅಜ್ಜಿ ಎಲೆಅಡಿಕೆ ಒಂದು ದವಡೆಗೆ ತಳ್ಳಿ, "ನಮ್ ಐದನ್ದೂ ಜಾತ್ಕ ಆಕಿ ನೋಡಪ್ಪ" ಎಂದು ಮೊಮ್ಮಗ ಹುಟ್ಟಿದ ದಿನ, ಗಳಿಗೆ ಹೇಳಿದರು. ಆ ಸಾಲನ್ನು ಅಳಿಸಲು ಕೀಬೋರ್ಡಿಗೆ ಕೈಯಿಟ್ಟವನು, ಏನೋ ಹೊಳೆದು ಕೈ ಹಿಂದಕ್ಕೆಳೆದುಕೊಂಡೆ. ಹುಡುಗನ ಹೆಸರಿನ ಮೇಲೂ ಅಷ್ಟೇ ದಪ್ಪ ವಾರ್ನಿಂಗು ಬಂತು.

ಸೋದರಮಾವ ಎರಡೂ ಕಾಗದ ಜೋಡಿಸಿ ಹಿಡಿದರು. ಅಜ್ಜಿ ತೀರ್ಪು ಕೊಟ್ಟರು: "ಇಬ್ರಿಗೂ ಒಂದೇ ದೋಸ. ದೋಸಕ್ಕೆ ದೋಸ ಸರಿಯೋಯ್ತು ಕಣ್ಲಾ. ಇಂಥ ಜೋಡಿ ಉಡುಕುದ್ರೂ ಸಿಕ್ಕಕಿಲ್ಲ."

ಮದುವೆ ಚೆನ್ನಾಗಿಯೇ ನಡೆಯಿತು. ಊಟಕ್ಕೆ ನನ್ನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದರು. ನಾಚಿಕೆಯಾಗಿ, ಮಾರನೆಯ ದಿನ ಅಂಗಡಿ ತೆರೆದವನೇ ಆ ಸಾಲನ್ನು ಅಳಿಸಿಹಾಕಿದೆ. ಇನ್ನು ಶುದ್ಧವಾಗಿ ಬದುಕಬೇಕು ಎಂದುಕೊಳ್ಳುವಷ್ಟರಲ್ಲಿ ಮಾದಪ್ಪ ಬಾಗಿಲಲ್ಲಿ ನಿಂತಿದ್ದರು.

"ಸ್ವಾಮಿ, ನಮ್ ಚಿಕ್ಕೋಳ್ಗೂ ಜಾತ್ಕ ಬರ್ದುಬುಡಿ" ಎಂದವರು, ಹತ್ತಿರ ಬಂದು ದನಿ ತಗ್ಗಿಸಿದರು. "ಅಂಗೇ ಅದೊಂದು ವಾರ್ನಿಂಗೂ ಆಕ್ಬುಡಿ. ದೊಡ್ಡೋಳ್ಗೆ ಅದ್ರಿಂದ್ಲೇ ಒಳ್ಳೇದಾಯ್ತು."

ಆ ಸಾಲನ್ನು ಮತ್ತೆ ಟೈಪು ಮಾಡಿದೆ. ನನ್ನ ಇಡೀ ಪ್ರೋಗ್ರಾಮಿನಲ್ಲಿ ಇದುವರೆಗೂ ಯಾರೂ ತಪ್ಪು ಕಂಡುಹಿಡಿಯದ ಸಾಲು ಅದೊಂದೇ.