ಛಾಯಾಗ್ರಾಹಕ ಸಾಹೇಬರೂ ನನ್ನ ನಿಮಿಷದ ರಿಜಿಸ್ಟರೂ

ಸಿನಿಮಾದವರ ಜೊತೆ ಕೆಲಸ ಮಾಡುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ವ್ಯಾನಿನಿಂದ ಇಳಿಯುವಷ್ಟರಲ್ಲಿ ಅವೇ ಎದುರಿಗೆ ಬಂದು ನಿಂತಿರುತ್ತವೆ. ನಮ್ಮದೇನು ಸಿನಿಮಾದ ಮನೆತನವಲ್ಲ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದವಳು, ಭೌತಶಾಸ್ತ್ರದಲ್ಲಿ ಪ್ರಥಮ ದರ್ಜೆ. ಯಜಮಾನರಿಗೆ ಹ್ಯಾಮಿಲ್ಟನ್ನಿನಲ್ಲಿ ಹಾಲು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತೆಂದು ನ್ಯೂಜಿಲೆಂಡಿಗೆ ಬಂದೆವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಇಲ್ಲಿ ಎತ್ತ ನೋಡಿದರೂ ಶೂಟಿಂಗು. ಅಂಥದೊಂದು ಕಂಪನಿಗೆ, ಸೆಟ್ಟಿನಲ್ಲಿ ನಡೆದದ್ದನ್ನೆಲ್ಲ ಸಮಯದ ಸಮೇತ ಬರೆದಿಡುವವರು ಬೇಕಾಗಿದ್ದರು. ಸಂದರ್ಶನಕ್ಕೆ ನಮ್ಮ ಮನೆಯ ರಿಜಿಸ್ಟರನ್ನೇ ಒಯ್ದೆ. ಮೂವರು ಮಕ್ಕಳ ಒಂದೊಂದು ಹಾಲುಹಲ್ಲು ಬಿದ್ದ ದಿನ, ಹೊತ್ತು, ಮೇಲಿನದೋ ಕೆಳಗಿನದೋ, ಎಲ್ಲ ಅದರಲ್ಲಿತ್ತು. ಮ್ಯಾನೇಜರ್ ಬಾಯಿ ನಾಲ್ಕು ಪುಟ ತಿರುವಿ, "ಸೋಮವಾರ ಬರ್ತೀರಾ?" ಎಂದು ಕೇಳಿದಳು.

ಆ ಚಿತ್ರದ ಛಾಯಾಗ್ರಾಹಕರು ಬ್ರಿಟನ್ನಿನವರು. ಎಪ್ಪತ್ತು ದಾಟಿತ್ತು. ಐವತ್ತು ವರ್ಷ ಕ್ಯಾಮೆರಾದ ಹಿಂದೆ ನಿಂತು ಮರುಭೂಮಿ, ಹಡಗು, ಅರಮನೆ ಎಲ್ಲವನ್ನೂ ಹಿಡಿದು ದೊಡ್ಡ ದೊಡ್ಡ ಪ್ರಶಸ್ತಿ ಪಡೆದವರು. ನಾನು ಅವರನ್ನು ಸಾಹೇಬರು ಎನ್ನುತ್ತಿದ್ದೆ. ಅವರು ಉಳಿದವರಿಂದ ಕಲಿತು ನನ್ನನ್ನು ಆಂಟಿ ಎನ್ನುತ್ತಿದ್ದರು, ನನಗಿಂತ ಹದಿನೈದು ವರ್ಷ ದೊಡ್ಡವರಾಗಿ!

ಇದು ತಮ್ಮ ಕೊನೆಯ ಚಿತ್ರ, ಇದನ್ನು ಪೂರ್ತಿ ತಾವೇ ಮುಗಿಸಬೇಕು ಎಂಬುದೊಂದೇ ಅವರ ಆಸೆ. ಆದರೆ ಮೊದಲ ವಾರವೇ ವಿದೇಶದ ನಿರ್ಮಾಪಕರಿಂದ ಪತ್ರ ಬಂತು. ಕೆಲಸ ನಿಧಾನವಾಗಿದೆ, ತಿಂಗಳ ಕೊನೆಗೆ ನಮ್ಮ ಪ್ರತಿನಿಧಿ ಬರುತ್ತಾರೆ, ತಡಕ್ಕೆ ಆ ಮುದುಕರೇ ಕಾರಣವಾದರೆ ಬೇರೆಯವರನ್ನು ಕಳಿಸುತ್ತೇವೆ. ಯಾವ ತಡ ಯಾರಿಂದ ಆಯಿತು ಎಂದು ಬರೆಯುವವಳು ನಾನು. ಅಂದರೆ ಐವತ್ತು ವರ್ಷದ ಕೀರ್ತಿ ನನ್ನ ಪೆನ್ನಿನ ತುದಿಗೆ ಬಂದು ಕೂತಿತ್ತು!

೧. ಪಂಚಾಂಗದಲ್ಲಿ ಇಲ್ಲದ ಗ್ರಹಣ

ಎರಡನೆಯ ವಾರ ಊರಾಚೆಯ ಒಂದು ಹೈನು ಫಾರ್ಮಿನಲ್ಲಿ ಶೂಟಿಂಗು. ಬೆಳಿಗ್ಗೆ ಹತ್ತಕ್ಕೆ ನೋಡುತ್ತೇನೆ, ಸಾಹೇಬರು ಒಂದು ಕಪ್ಪು ಗಾಜು ಕಣ್ಣಿಗೆ ಹಿಡಿದು ಸೂರ್ಯನನ್ನೇ ನೋಡುತ್ತಿದ್ದಾರೆ. ಅವರಾದ ಮೇಲೆ ಸಹಾಯಕಿ ನೋಡಿದಳು. ಆಮೇಲೆ ನಿರ್ದೇಶಕರೂ ಗಾಜು ಇಸಿದುಕೊಂಡು ನೋಡಿದರು. ಬಿಸಿಲು ಬೇರೆ ಮಂಕಾಗಿತ್ತು. ನನಗೆ ಹೊಳೆಯಿತು. ಗ್ರಹಣ!

ಪಂಚಾಂಗದಲ್ಲಿ ಇರಲಿಲ್ಲ ನಿಜ. ಆದರೆ ನಮ್ಮ ಪಂಚಾಂಗ ಬರುವುದು ಧಾರವಾಡದಿಂದ. ನ್ಯೂಜಿಲೆಂಡಿನಲ್ಲಿ ಮಾತ್ರ ಕಾಣುವ ಗ್ರಹಣ ಅದರಲ್ಲಿ ಯಾಕೆ ಇರುತ್ತದೆ? ನನ್ನ ಭೌತಶಾಸ್ತ್ರವೇ ಇದನ್ನು ಪುರಾವೆ ಸಮೇತ ಹೇಳಿತು. ಮಧ್ಯಾಹ್ನದ ಊಟ ಆಗಲೇ ಮೇಜಿನ ಮೇಲಿತ್ತು. ಮನೆಗೆ ಫೋನ್ ಮಾಡಿದೆ.

"ಏನ್ರೀ, ತುಳಸಿ ತಗೊಂಡು ಲಗೂನ ಬರ್ರಿ. ಏನೂ ಕೇಳಬ್ಯಾಡ್ರಿ."

ಯಜಮಾನರು ಬಂದರು. ಎಲೆ ತರುವ ಬದಲು ಕುಂಡವನ್ನೇ ಮುಂದಿನ ಸೀಟಿನಲ್ಲಿ ಕೂಡಿಸಿ, ಅದಕ್ಕೆ ಸೀಟ್ ಬೆಲ್ಟ್ ಹಾಕಿಕೊಂಡು ಬಂದಿದ್ದರು. ನಾನು ನಲವತ್ತು ಸ್ಯಾಂಡ್‌ವಿಚ್‌ಗಳ ಮೇಲೆ ಒಂದೊಂದು ಎಲೆ ಇಟ್ಟು, ಸಾಹೇಬರ ಹತ್ತಿರ ಹೋಗಿ, "ಮೋಕ್ಷ ಎಷ್ಟು ಹೊತ್ತಿಗೆ? ಅಂದರೆ, ಗ್ರಹಣ ಯಾವಾಗ ಬಿಡುತ್ತೆ?" ಎಂದು ಕೇಳಿದೆ.

"ಯಾವ ಗ್ರಹಣ? ಆ ಮೋಡ ಎಷ್ಟು ನಿಮಿಷಕ್ಕೆ ಸರಿಯುತ್ತೆ ಅಂತ ನೋಡ್ತಿದ್ದೆ," ಎಂದರು ಅವರು. ಕಣ್ಣು ಕುಕ್ಕದಿರಲಿ ಎಂದು ಕಪ್ಪು ಗಾಜು, ಅಷ್ಟೇ. ಐವತ್ತು ವರ್ಷದಿಂದ ದಿನಾ ಮಾಡುವ ಕೆಲಸ.

ಕುಂಡಕ್ಕೆ ಮತ್ತೆ ಬೆಲ್ಟ್ ಹಾಕುತ್ತ ಯಜಮಾನರು ಕೇಳಿದರು: "ಖರೇ ಹೇಳು, ನಿನಗ ಫಸ್ಟ್ ಕ್ಲಾಸು ಕೊಟ್ಟವರು ಯಾರು?"

೨. ಪ್ರಶಸ್ತಿಯ ಮಂಜು

ಮಳೆ ಬಂದಾಗ ಸಾಹೇಬರೂ ನಾನೂ ವ್ಯಾನಿನಲ್ಲಿ ಚಹಾ ಕುಡಿಯುತ್ತ ಕೂಡುತ್ತಿದ್ದೆವು. ಅವರು ಮಾಡಿದ ಚಿತ್ರಗಳ ಪಟ್ಟಿ ಎಲ್ಲಿಯೂ ಸರಿಯಾಗಿಲ್ಲ ಎಂದು ತಿಳಿದ ಮೇಲೆ ನನಗೆ ನಿದ್ದೆ ಬರುವುದುಂಟೆ? ಬರೆದುಕೊಳ್ಳತೊಡಗಿದೆ. ಅವರಿಗೆ ಇಸವಿ ಒಂದೂ ನೆನಪಿಲ್ಲ. "ಅದು ಸೂಪು ಕೆಟ್ಟದ್ದಿತ್ತಲ್ಲ, ಆ ಚಿತ್ರ. ಅದರ ಹಿಂದಿನದು ಒಂಟೆ ಕಚ್ಚಿದ್ದು," ಹೀಗೆ.

"ದೊಡ್ಡ ಪ್ರಶಸ್ತಿ ಬಂದದ್ದು ಯಾವುದಕ್ಕೆ?" ಎಂದೆ.

"ಮಂಜಿನ ದೃಶ್ಯಕ್ಕೆ. ಮಂಜಿನಲ್ಲಿ ಒಬ್ಬಳು ನಡೆದು ಬರುತ್ತಾಳೆ. ದೇಶವಿದೇಶದವರು ಹೊಗಳಿದರು."

"ಆ ಮಂಜನ್ನು ಹೇಗೆ ಮಾಡಿದಿರಿ?"

ಅವರು ಹೊರಗೆ ಯಾರೂ ಇಲ್ಲವೆಂದು ನೋಡಿಕೊಂಡರು. "ಮಂಜು ಇರಲೇ ಇಲ್ಲ. ತಣ್ಣಗಿನ ಕೋಣೆಯಿಂದ ಕ್ಯಾಮೆರಾವನ್ನು ಸೆಕೆಯ ಬಯಲಿಗೆ ತಂದಿದ್ದೆವು. ಲೆನ್ಸಿನ ಮೇಲೆ ಹಬೆ ಕೂತಿತ್ತು. ಒರೆಸಲು ಮರೆತೆ."

ನಾನು ಬರೆದುಕೊಂಡೆ.

"ಅಯ್ಯೋ, ಅದನ್ನ ಬರೀಬೇಡಿ ಆಂಟಿ! ಅಳಿಸಿಬಿಡಿ."

"ಆಗುವುದಿಲ್ಲ ಸಾಹೇಬರೆ, ನಾನು ಪೆನ್ಸಿಲ್ಲು ಬಿಟ್ಟು ಮೂವತ್ತು ವರ್ಷವಾಯಿತು," ಎಂದೆ.

೩. ಧೋತ್ರದ ಬೆಳಕು

ಫಾರ್ಮಿನ ಮನೆಯೊಳಗೆ ನಾಯಕಿ ಕಿಟಕಿಯ ಹತ್ತಿರ ಕೂತು ಪತ್ರ ಓದುವ ದೃಶ್ಯ. ಬಿಸಿಲು ಮುಖಕ್ಕೆ ನೇರ ಹೊಡೆಯಬಾರದೆಂದು ಕಿಟಕಿಗೆ ತೆಳು ರೇಷ್ಮೆ ಬಟ್ಟೆ ಕಟ್ಟಿದ್ದರು. ಗಾಳಿಗೆ ಅದು ಹಾರಿ ಬೇಲಿ ದಾಟಿತು. ಹಿಡಿಯಲು ಹೋಗುವಷ್ಟರಲ್ಲಿ ಒಂದು ಆಕಳು ಅದರ ಅರ್ಧ ತಿಂದು, ಉಳಿದ ಅರ್ಧದ ಮೇಲೆ ನಿಂತಿತ್ತು. ಪ್ರತಿನಿಧಿ ಬರಲು ನಾಲ್ಕೇ ದಿನ. ಹೊಸ ಬಟ್ಟೆ ಬರಲು ಒಂದು ವಾರ ಬೇಕು. ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು.

ನನಗೆ ಯಜಮಾನರ ಪೂಜೆಯ ಧೋತ್ರ ನೆನಪಾಯಿತು. ಇಪ್ಪತ್ತು ವರ್ಷ ಒಗೆದು ಒಗೆದು ಕೆನೆಯಷ್ಟು ತೆಳ್ಳಗಾಗಿತ್ತು. ಮರುದಿನ ಬೆಳಿಗ್ಗೆ ಕೈಚೀಲದಲ್ಲಿ ತಂದು ಕೊಟ್ಟೆ. ಕಟ್ಟಿದರು. ನಾಯಕಿಯ ಮುಖ ಬೆಣ್ಣೆಯಂತೆ ಹೊಳೆಯಿತು! ಸಾಹೇಬರು ನನ್ನ ಎರಡೂ ಕೈ ಹಿಡಿದು ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಫೋನು. "ಅಲ್ಲಾ, ನನ್ನ ಧೋತ್ರ ಎಲ್ಲಿ?"

"ಶೂಟಿಂಗಿಗೆ ಬಂದದ."

"ಏನು ಹುಚ್ಚದ ನಿನಗ! ಈಗ ಬಂದು ಒಯ್ತೀನಿ, ನೋಡು."

ಬಂದರು. ಸಿಟ್ಟಿನಿಂದ ದಡದಡ ಒಳಗೆ ಹೋದರು. ನಾನು ಹೊರಗೆ ರಿಜಿಸ್ಟರ್ ಹಿಡಿದು, ಈ ಜಗಳವನ್ನು ಯಾರ ಹೆಸರಿಗೆ ಬರೆಯಲಿ ಎಂದು ಯೋಚಿಸುತ್ತ ನಿಂತೆ. ಹತ್ತು ನಿಮಿಷವಾಯಿತು. ಆಮೇಲೆ ಮೆಲ್ಲಗೆ ಹೊರಗೆ ಬಂದರು, ಕೈ ಖಾಲಿ.

"ಕೊಡಲಿಲ್ಲೇನು?"

"ಕೊಡ್ತಿದ್ರು, ನಾನs ಇಸಗೊಳ್ಳಲಿಲ್ಲ. ಇಸ್ತ್ರಿ ಮಾಡಿಸಿ ತಂದ ಹಬ್ಬದ ಧೋತ್ರ ಗಾಡಿಯೊಳಗ ಇತ್ತಲ್ಲ, ಅದನ್ನೂ ಕೊಟ್ಟು ಬಂದೆ."

"ಮತ್ತ ಪೂಜಿಗೆ ಏನು ಉಡ್ತೀರಿ?"

"ಪ್ಯಾಂಟ್ ಮ್ಯಾಲೆ ಮಾಡ್ತೀನಿ. ದೇವರು ತಡಕೋತಾನ. ಆ ಹುಡುಗಿ ಮುಖದ ಮ್ಯಾಲೆ ಬಿಸಿಲು ಬಿದ್ರ ಸಾಹೇಬ್ರು ತಡಕೊಳ್ಳಂಗಿಲ್ಲ."

೪. ಪ್ರತಿನಿಧಿ ಬಂದರು

ಕೊನೆಗೆ ಪ್ರತಿನಿಧಿ ಬಂದೇಬಿಟ್ಟರು. ವಯಸ್ಸು ಮೂವತ್ತೈದು ಇರಬೇಕು. ಸೆಗಣಿಯ ಫಾರ್ಮಿಗೆ ಕನ್ನಡಿಯಂಥ ಬೂಟು ಹಾಕಿಕೊಂಡು ಬಂದಿದ್ದರು. ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಸಮಯ ಉಳಿಸುವುದು ಹೇಗೆ ಎಂದು ಭಾಷಣ ಮಾಡಿದರು. ಮೂರನೆಯ ದಿನ ನನ್ನ ಕೈಯಿಂದ ರಿಜಿಸ್ಟರ್ ಇಸಿದುಕೊಂಡು, ಕ್ಯಾಮೆರಾದ ಮುಂದೆಯೇ ನಿಂತು, ಎಲ್ಲರಿಗೂ ಕೇಳಲಿ ಎಂದು ಗಟ್ಟಿಯಾಗಿ ಓದತೊಡಗಿದರು. ಸಾಹೇಬರು ಕ್ಯಾಮೆರಾದ ಹಿಂದೆ ಸರಿದು ನಿಂತರು.

"ಮೋಡಕ್ಕಾಗಿ ಕಾದದ್ದು: ಎಂಟು ನಿಮಿಷ. ನೋಡಿದಿರಾ?" ಎಂದು ಎಲ್ಲರ ಕಡೆ ತಿರುಗಿದರು. ಮುಂದೆ ಓದಿದರು.

"ಹಾಲು ಕರೆಯುವ ಹೊತ್ತಾಗಿ ಆಕಳುಗಳು ರಸ್ತೆ ದಾಟಿದ್ದು: ಇಪ್ಪತ್ತೈದು. ನಾಯಕರ ಮೀಸೆ ಬಿದ್ದದ್ದು: ಒಂದು. ಬಿದ್ದ ಮೀಸೆಯನ್ನು ಹುಲ್ಲಿನಲ್ಲಿ ಹುಡುಕಿದ್ದು: ನಲವತ್ತು. ಛಾಯಾಗ್ರಾಹಕರು ದೀಪ ಹೊಂದಿಸಲು ಕೇಳಿದ್ದು: ಹದಿನೈದು. ತೆಗೆದುಕೊಂಡದ್ದು: ಹನ್ನೊಂದು."

ಪುಟದ ಮೇಲೆ ಪುಟ ಹೀಗೇ. ಸಾಹೇಬರು ಕೇಳಿದ್ದಕ್ಕಿಂತ ಹೆಚ್ಚು ನಿಮಿಷ ತೆಗೆದುಕೊಂಡ ದಿನ ಒಂದೂ ಇಲ್ಲ! ಪ್ರತಿನಿಧಿಯ ದನಿ ಇಳಿಯುತ್ತ ಬಂತು. ಕೊನೆಯ ಪುಟ ತಿರುವಿದರು. ಓದುವ ಭರದಲ್ಲಿ ಬಾಯಿ ನಿಲ್ಲಲಿಲ್ಲ.

"ಪ್ರತಿನಿಧಿಯವರ ಭಾಷಣ, ವಿಷಯ ಸಮಯದ ಉಳಿತಾಯ: ಒಂದು ಗಂಟೆ ಹತ್ತು ನಿಮಿಷ. ಭಾಷಣದ ನಡುವೆ ಒಳ್ಳೆಯ ಬಿಸಿಲು ಬಂದು ಹೋದದ್ದು: ಮೂರು ಸಲ."

ಮೊದಲು ನಕ್ಕವಳು ಅಡುಗೆಯ ಬಾಯಿ, ಹಿಂದೆಯೇ ಇಡೀ ಯೂನಿಟ್ಟು. ಪ್ರತಿನಿಧಿಯ ಕಿವಿ ಕೆಂಪಾದವು. ಆಮೇಲೆ, ಪಾಪ, ಅವರೂ ನಕ್ಕುಬಿಟ್ಟರು. "ಬೇರೆ ಯಾರೂ ಬರೋದಿಲ್ಲ. ಈ ಚಿತ್ರವನ್ನ ಇವರೇ ಮುಗಿಸ್ತಾರೆ," ಎಂದು ರಿಜಿಸ್ಟರನ್ನು ನನಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಗಡಿಯಾರ ನೋಡಿ ಪೆನ್ನಿನ ಟೋಪಿ ತೆಗೆದೆ.

"ಈಗ ಮತ್ತೇನು ಬರೀತೀರಿ ಆಂಟಿ?" ಎಂದರು ಪ್ರತಿನಿಧಿ, ಗಾಬರಿಯಾಗಿ.

"ನೀವು ರಿಜಿಸ್ಟರ್ ಓದಿದ್ದು. ಇಪ್ಪತ್ತೆರಡು ನಿಮಿಷ."

ಕ್ಯಾಮೆರಾದ ಹಿಂದಿನಿಂದ ಸಾಹೇಬರ ದನಿ ಬಂತು: "ಇಪ್ಪತ್ತಮೂರು ಅಂತ ಬರೀರಿ ಆಂಟಿ. ಬಿಸಿಲು ಬಂದಿದೆ, ಅವರು ಇನ್ನೂ ನನ್ನ ಫ್ರೇಮಿನಲ್ಲೇ ನಿಂತಿದ್ದಾರೆ!"