ಪಕ್ಕದ ಮನೆಯ ಜಗಳಗಳ್ಳ

ನಾನು ಕಂಡ ಕಳ್ಳರಲ್ಲೆಲ್ಲ ಅತ್ಯಂತ ಪ್ರಸಿದ್ಧನೆಂದರೆ ಬರ್ಕ್ಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಹಾಶಯ. ಚಿನ್ನ ಮುಟ್ಟುತ್ತಿರಲಿಲ್ಲ, ಬೆಳ್ಳಿ ಮುಟ್ಟುತ್ತಿರಲಿಲ್ಲ. ಕದಿಯುತ್ತಿದ್ದದ್ದು ಜಗಳ! ಅದಕ್ಕೆ ಅಮೆರಿಕ ಅವನಿಗೆ ಕೊಟ್ಟದ್ದು ಜೈಲಲ್ಲ, ಪ್ರೈಜು.

ಆಸಾಮಿ ನಾಟಕಕಾರ. ಚಿಕ್ಕ ವಯಸ್ಸಿಗೇ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದವನು. ಹೇಗಂತೀರಿ? ಮದುವೆಯಾದ, ಹೆಂಡತಿ ಜೊತೆ ಕಿತ್ತಾಡಿದ, ಅದನ್ನೇ ಬರೆದ, ಹೌಸ್‌ಫುಲ್ಲು. ಡೈವೋರ್ಸಾಯಿತು, ಇನ್ನೊಂದು ಮದುವೆ, ಇನ್ನೊಂದು ನಾಟಕ. ನಾಲ್ಕನೆಯವಳು ಬುದ್ಧಿವಂತೆ, ಒಂದು ಮಾತೂ ಬೈಯದೆ ಎದ್ದು ಹೋದಳು. ಅಲ್ಲಿಗೆ ಸಾಹಿತ್ಯಸೇವೆ ನಿಂತಿತು! ಎಂಬತ್ತರ ದಶಕದ ಮೊದಲಿಗೆ ನಾವು ಮೈಸೂರಿನಿಂದ ಹೋಗಿ ಅಲ್ಲಿ ಮನೆ ಮಾಡಿದಾಗ, ಒಂದು ಸೀನೂ ಬರೆಯಲಾಗದೆ, ಯೂನಿವರ್ಸಿಟಿಯಲ್ಲಿ ನಾಟಕ ಬರೆಯುವುದು ಹೇಗೆ ಅಂತ ಪಾಠ ಹೇಳುತ್ತಿದ್ದ. ಬರದವರೇ ತಾನೆ ಕಲಿಸುವುದು!

ಅವನ ಇಂಗ್ಲಿಷೋ, ದೇವರೇ ಗತಿ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಕಿವಿಯ ಮೇಲೆ ಸದಾ ಪೆನ್ಸಿಲ್ಲು. ಯಾರಾದರೂ ಬಾಯಿ ಬಿಟ್ಟರೆ ಸರಕ್ಕನೆ ತೆಗೆದು ಅಂಗಿಯ ತೋಳಿನ ಮೇಲೇ ಗೀಚುವುದು. ಅವನ ಲಾಂಡ್ರಿಯವನು ಲಿಟರೇಚರಿನಲ್ಲಿ ಎಂ.ಎ. ಮಾಡಬಹುದಿತ್ತು!

ಒಂಟಿ ಪ್ರಾಣಿ ಅಂತ ಸ್ಟೀಲ್ ಡಬ್ಬಿಯಲ್ಲಿ ಸಾರು ಕಳಿಸಿದೆ. ಡಬ್ಬಿ ಖಾಲಿ ಬಂತು. "ನಮ್ಮಲ್ಲಿ ಪಾತ್ರೆ ಖಾಲಿ ವಾಪಸ್ ಮಾಡೋಲ್ಲ. ಇಟ್ಸ್ ನಾಟ್ ಡನ್" ಅಂದೆ. ಮರುವಾರ ಪುಣ್ಯಾತ್ಮ ಡಬ್ಬಿಯೊಳಗೆ ಒಂದು ಬಲ್ಬು ಇಟ್ಟು ತಂದ. ಅದರಾಚೆ ವಾರ ಒಂದೇ ಒಂದು ಕಾಲುಚೀಲ. ಒಗೆದದ್ದು, ಸದ್ಯ!

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ಭಾನುವಾರ ಅವನು ಡಬ್ಬಿ ಹಿಡಿದು ಬಂದಾಗ ನಮ್ಮಲ್ಲಿ ಎರಡನೇ ಡಿಕಾಕ್ಷನ್ ಯುದ್ಧ ನಡೆದಿತ್ತು.

"ಇದು ಕಾಫೀನಾ, ಪಾತ್ರೆ ತೊಳೆದ ನೀರಾ?" ಅಂದರು ನಮ್ಮವರು.

"ನಿಮ್ಮಮ್ಮ ನಿಮ್ಮನ್ನ ಮೂರನೇ ಡಿಕಾಕ್ಷನ್ನಲ್ಲೇ ಬೆಳೆಸಿದ್ದು ಮರೆತುಹೋಯ್ತಾ?"

ಪೆನ್ಸಿಲ್ಲು ಇಳಿಯಿತು. "ಏನಂದರು? ಏನಂದರು?" ನಮ್ಮವರೋ, ಪ್ರೊಫೆಸರು! "ಒಂದು ನಿಮಿಷ ತಡಿಯೇ" ಅಂತ ನನ್ನನ್ನು ನಿಲ್ಲಿಸಿ, ನನ್ನ ಬೈಗುಳವನ್ನು ಅಚ್ಚುಕಟ್ಟಾಗಿ ಟ್ರಾನ್ಸ್‌ಲೇಟ್ ಮಾಡಿದರು. ಅವರಮ್ಮನ ವಿಷಯ ಮಾತ್ರ ಮೆಲ್ಲಗೆ ನುಂಗಿದರು. ನಾನು ಬಿಡುತ್ತೇನೆಯೇ? "ಎಕ್ಸ್‌ಕ್ಯೂಸ್ ಮಿ, ಒಂದು ಸೆಂಟೆನ್ಸ್ ಬಿಟ್ಟಿರಿ" ಅಂತ ಸಿಸ್ಟರುಗಳು ಮೆಚ್ಚುವ ಇಂಗ್ಲಿಷಿನಲ್ಲಿ ನಾನೇ ಸೇರಿಸಿದೆ. ಕಳ್ಳನಿಗೆ ಬೀಗದ ಕೈ ಕೊಟ್ಟು, ದೀಪ ಬೇರೆ ಹಿಡಿದ ಹಾಗಾಯಿತು! ಕೊನೆಗೆ ಇವರು ಎಂದಿನಂತೆ ಲೋಟ ಬರಿದು ಮಾಡಿ ಚಾಚಿದರು: "ದರಿದ್ರ ಕಾಫಿ. ಇನ್ನೊಂದು ಲೋಟ ಕೊಡು." ಅದೂ ಟ್ರಾನ್ಸ್‌ಲೇಟಾಯಿತು.

ಆಮೇಲೆ ಪ್ರತಿ ಭಾನುವಾರ ಹಾಜರಿ. ನಾವು ತೆಪ್ಪಗಿದ್ದರೆ ತಾನೇ ಕೆದಕುವುದು: "ಪ್ರೊಫೆಸರ್, ಇವತ್ತು ಕಾಫಿ ತುಸು ತೆಳು, ಅಲ್ಲವಾ?"

ನನಗೋ ಒಂದೇ ಚಿಂತೆ. ಮನೆ ಮಾತು ಬೀದಿ ಪಾಲಾದರೆ? "ನಮ್ಮನ್ನ ಸ್ಟೇಜು ಹತ್ತಿಸ್ತಾನೆ, ನೋಡ್ತಿರಿ" ಅಂದೆ.

"ಹತ್ತಿಸಲಿ ಬಿಡೇ. ಇಷ್ಟು ಒಳ್ಳೇ ಜಗಳ, ಇವನೊಬ್ಬನೇ ಬಿಟ್ಟಿ ನೋಡಬೇಕಾ?"

ಹತ್ತಿಸಿಯೇ ಬಿಟ್ಟ! ಒಂದು ದಿನ ಡಬ್ಬಿಯಲ್ಲಿ ಎರಡು ಟಿಕೆಟ್ಟು. ಸ್ಯಾನ್ ಫ್ರಾನ್ಸಿಸ್ಕೋದ ಥಿಯೇಟರಿನಲ್ಲಿ ಪರದೆ ಎದ್ದರೆ, ನನ್ನ ಅಡುಗೆಮನೆ! ಬಿಳಿ ಮುದುಕ, ಬಿಳಿ ಮುದುಕಿ, ನನ್ನ ಅತ್ತೆಯ ಡಿಕಾಕ್ಷನ್ನು. ಜನ ಬಿದ್ದೂ ಬಿದ್ದೂ ನಗುತ್ತಿದ್ದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡರೆ, ನಮ್ಮವರು ಪಕ್ಕದ ಸೀಟಿನ ಅಪರಿಚಿತೆಗೆ "ದಟ್ಸ್ ಮಿ! ದಟ್ಸ್ ಮಿ!"

ಹೊರಗೆ ಸಿಕ್ಕವನಿಗೆ "ಯೂ ಆರ್ ಎ ಥೀಫ್" ಅಂದೆ. ಪೆನ್ಸಿಲ್ಲು ತೆಗೆದು ಅದನ್ನೂ ಬರೆದುಕೊಂಡ! ಅವತ್ತಿನಿಂದ ಮಾತು ಬಿಟ್ಟೆ. ಸಾರು ಬಿಡಲಾಗಲಿಲ್ಲ, ಉಪವಾಸ ಬೀಳುವ ಕಳ್ಳನನ್ನು ನೋಡಿಕೊಂಡು ಕೂರುವುದು ಹೇಗೆ?

ದಶಕ ಮುಗಿಯುವ ಮೊದಲೇ ನಮ್ಮವರು ಹೋಗಿಬಿಟ್ಟರು. ಫಿಲ್ಟರು ಮೇಲಿನ ಶೆಲ್ಫ್ ಸೇರಿತು. ಸಾರಿನ ಡಬ್ಬಿ ಅವನ ಮನೆಯಲ್ಲೇ ಉಳಿದದ್ದು ನೆನಪೂ ಇರಲಿಲ್ಲ. ಕೆಲವು ತಿಂಗಳ ಮೇಲೆ ತಂದು ಕೊಟ್ಟ. ಒಳಗೆ ಒಂದೇ ಟಿಕೆಟ್ಟು. ಅದೇ ನಾಟಕ ಮತ್ತೆ ಹಾಕಿದ್ದರು.

ಹೋಗಬಾರದು ಅಂದುಕೊಂಡೇ ಹೋದೆ. ಪಕ್ಕದ ಸೀಟಿನಲ್ಲಿ ಅವನೇ, ಕಿವಿಯ ಮೇಲೆ ಪೆನ್ಸಿಲ್ಲು. ಸ್ಟೇಜಿನ ಮುದುಕ ಲೋಟ ಚಾಚಿದ: "ಟೆರಿಬಲ್ ಕಾಫಿ. ಪೋರ್ ಮಿ ಅನದರ್." ಇಡೀ ಥಿಯೇಟರು ನಕ್ಕಿತು. ನೋಡಿದರೆ, ನಾನು ಎದ್ದು ನಿಂತಿದ್ದೇನೆ.

"ಮ್ಯಾಡಮ್, ಎಲ್ಲಿಗೆ?"

"ಕೇಳಿಸಲಿಲ್ಲವಾ? ಇನ್ನೊಂದು ಲೋಟ ಬೇಕಂತೆ" ಅಂದೆ. ಕನ್ನಡದಲ್ಲಿ. ಟ್ರಾನ್ಸ್‌ಲೇಟ್ ಮಾಡುವವರು ಇರಲಿಲ್ಲ.

ಏನಂದಿರಿ ಅಂತ ಅವನೂ ಕೇಳಲಿಲ್ಲ. ಅವನ ಕೈ ಕಿವಿಯ ತನಕ ಹೋಯಿತು, ಪೆನ್ಸಿಲ್ಲು ಮುಟ್ಟಿತು, ಹಾಗೇ ಕೆಳಗಿಳಿದು ನನ್ನ ಕೈ ಹಿಡಿದುಕೊಂಡಿತು.