ಪೂವಪ್ಪನ ಉಷ್ಣ

ಪೂವಪ್ಪನಿಗೆ ಹೇಳಬಾರದ ಜಾಗದಲ್ಲಿ ಒಂದು ಹುಣ್ಣಾಯಿತು. ಹಂಚಿನ ಲೋಡಿನೊಟ್ಟಿಗೆ ಬೊಂಬಾಯಿಗೆ ಹೋದವನು ಹೆಂಡತಿಗೊಂದು ಸೀರೆ ತಂದಿದ್ದ, ತನಗೆ ಇದನ್ನು ತಂದುಕೊಂಡಿದ್ದ. ನೋವಿರಲಿಲ್ಲ. ಹಾಗಾಗಿ ಅದಕ್ಕೆ ‘ಉಷ್ಣ’ ಎಂದು ಹೆಸರಿಟ್ಟ. ದೇರೆಬೈಲಿನ ಗಂಡಸರಿಗೆ ಸೊಂಟದ ಕೆಳಗೆ ಎಂತ ಆದರೂ ಅದು ಉಷ್ಣವೇ.

ದಿನಾ ಎಳೆ ಬೊಂಡದ ನೀರು ಕುಡಿದ. ಮೆಂತೆ ನುಂಗಿದ. ತಲೆಗೆ ಎಣ್ಣೆ ತಟ್ಟಿದ. ತಲೆಗೂ ಆ ಜಾಗಕ್ಕೂ ಎಷ್ಟು ದೂರ ಎಂದಾದರೂ ಕತ್ತೆಗೆ ಹೊಳೆಯಬೇಡವೇ?

ನೆರೆಮನೆಯ ನೋಣಯ್ಯ ಬಸವನಹುಳದ ಹಾಗೆ ಬೇಲಿಗೇ ಅಂಟಿಕೊಂಡಿರುವವ.

"ಎಂತ ಪೂವಪ್ಪಣ್ಣ, ದಿನಾ ಬೊಂಡ?"

"ಉಷ್ಣ ಮಾರಾಯ್ರೆ."

"ನನಗೂ ಉಂಟು. ಡಾಕ್ಟ್ರ ಹತ್ರ ಮಾತ್ರ ಹೋಗ್ಬೇಡಿ. ಊರಿಡೀ ಮರ್ಯಾದೆ ಹೋಗ್ತದೆ."

ಲಾರಿ ಡ್ರೈವರ್ ಕಬೀರನಿಗೆ ಮಾತ್ರ ಈ ಉಷ್ಣದ ಮೂಲ ಗೊತ್ತಿತ್ತು. "ಉಷ್ಣ ಅಲ್ಲ ಮಾರಾಯ ಅದು, ಬೊಂಬಾಯಿ! ಬಲ್ಮಠದ ಒಸ್ವಾಲ್ಡ್ ಡಾಕ್ಟ್ರಿಗೆ ತೋರಿಸು. ಬೇಗ ಹೋದ್ರೆ ಇಂಜೆಕ್ಷನಿಗೆ ಗುಣ ಆಗ್ತದೆ. ಹೆಂಡ್ತಿಗೂ ಅಂಟಿಸ್ಬೇಡ."

ಹೆರಿಗೆಗೆ ತವರಿಗೆ ಹೋಗಿದ್ದ ಹೆಂಡತಿ ಬಾಗಿ ಮಗುವನ್ನು ಎತ್ತಿಕೊಂಡು ಮರುದಿನ ಬರುವವಳಿದ್ದಳು. ಪೂವಪ್ಪ ಹೆಗಲ ಮೇಲಿನ ಬೈರಾಸಿನಲ್ಲಿ ಮೂಗಿನವರೆಗೆ ಮುಖ ಸುತ್ತಿಕೊಂಡು ಬಸ್ಸು ಹತ್ತಿದ.

ಕಂಪೌಂಡರ್ ಎಡ್ವಿನ್ ಕೇಳಿದ, "ಹೆಸರು?"

ಸುಳ್ಳು ಹೆಸರನ್ನು ಯೋಚಿಸಿಟ್ಟುಕೊಳ್ಳುವಷ್ಟು ಬುದ್ಧಿ ಇದ್ದರಲ್ಲವೇ! ಬಾಯಿಗೆ ಬಂದದ್ದು ಬೇಲಿಯ ಆಚೆಯ ಹೆಸರು. "ನೋಣಯ್ಯ. ದೇರೆಬೈಲ್."

"ಇವತ್ತು ದೇರೆಬೈಲಿಗೇ ಎಂತದೋ ಬಡಿದದ್ದಾ?" ಎಂದು ಗೊಣಗಿ ಎಡ್ವಿನ್ ಬೆಂಚು ತೋರಿಸಿದ.

ಅಲ್ಲಿದ್ದವರೆಲ್ಲ ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹಾಗೆ ಗೋಡೆಗೆ ಮುಖ ಮಾಡಿದ್ದರು. ಮೂಲೆಯಲ್ಲೊಬ್ಬ ಮಹಾಶಯ ಮಳೆ ಬೀಳದ ಮಾಡಿನಡಿಯಲ್ಲೇ ಕೊಡೆ ಬಿಡಿಸಿ ಕುಳಿತಿದ್ದ.

ಎಡ್ವಿನನದು ಬಂದರಿನಲ್ಲಿ ಮೀನು ಏಲಂ ಕೂಗುವ ಗಂಟಲು. "ದೇರೆಬೈಲ್ ಪೂವಪ್ಪ!"

ಪೂವಪ್ಪನ ಜೀವ ಬಾಯಿಗೆ ಬಂತು. ತನ್ನ ಹೆಸರು ಇಲ್ಲಿ ಹೇಗೆ? ಯಾರು ಚಾಡಿ ಹೇಳಿದ್ದು? ಚಪ್ಪಲಿ ಅಲ್ಲೇ ಬಿಟ್ಟು ಓಡಿ ಗೇಟಿನ ಹೊರಗೆ ಅಡಗಿದ.

ಒಳಗಿನಿಂದ ಮತ್ತೆ ಕೂಗು: "ಅವ ಸಾಯ್ಲಿ! ದೇರೆಬೈಲ್ ನೋಣಯ್ಯ!"

ಕೊಡೆಗೆ ಕಾಲು ಬಂದ ಹಾಗೆ ಆ ಮಹಾಶಯ ಹಾರಿ ಬಂದು ಪೂವಪ್ಪನಿಗೇ ಗುದ್ದಿದ. ಕೊಡೆ ಮಗುಚಿತು. ಅಡಿಯಲ್ಲಿದ್ದವ ನೋಣಯ್ಯ!

"ನನ್ನ ಹೆಸರು ಕೊಟ್ಟದ್ದು ನೀವಾ?" ಎಂದ ಪೂವಪ್ಪ.

"ಹೌದು, ಕೂಗುವಾಗ ನನಗೇ ಮರೆತಿತ್ತು. ಮತ್ತೆ ನನ್ನದು ಕೊಟ್ಟದ್ದು ಯಾರು, ನಿಮ್ಮ ಅಜ್ಜನಾ?"

ಡಾಕ್ಟರೇ ಬಾಗಿಲಿಗೆ ಬಂದರು. "ಹೊರಗೆ ಪೂವಪ್ಪ, ನೋಣಯ್ಯ ಯಾರಾದ್ರೂ ಇದ್ದೀರಾ? ಹೆಸರು ಯಾವುದಾದ್ರೂ ಆಗ್ತದೆ, ಒಳಗೆ ಬನ್ನಿ!"

ಇಬ್ಬರೂ ಒಂದೇ ಸ್ವರದಲ್ಲಿ ಕೂಗಿದರು, "ಅವರು ಆಗಲೇ ಹೋದರು ಡಾಕ್ಟ್ರೇ!"

ಮತ್ತೆ ಬಸ್ಸಿನಲ್ಲಿ ಒಂದೇ ಸೀಟು. ಯಾರಿಗೂ ಹೇಳುವುದಿಲ್ಲ ಎಂದು ಇಬ್ಬರೂ ಆಣೆ ಹಾಕಿಕೊಂಡರು. ಮರ್ಯಾದೆ ಉಳಿಯಿತು. ಹುಣ್ಣೂ ಉಳಿಯಿತು.

ಮನೆಯ ಜಗಲಿಯಲ್ಲಿ ಬಾಗಿ! ತೊಡೆಯಲ್ಲಿ ಮಗು.

"ಒಂದು ದಿನ ಮೊದಲೇ ಬಂದೆ. ನಿಮ್ಮ ಚಪ್ಪಲಿ ಎಲ್ಲಿ? ಮುಖ ಎಂತ ಹೀಗೆ?"

"ಎಂತ ಇಲ್ಲ," ಎಂದ ಪೂವಪ್ಪ. "ಸ್ವಲ್ಪ ಉಷ್ಣ."

"ಅಯ್ಯೋ, ಇದೆಂತ ಎಲ್ಲರಿಗೂ!" ಎಂದಳು ಬಾಗಿ. "ನೋಣಯ್ಯಣ್ಣನಿಗೂ ಉಷ್ಣವಂತೆ. ಈಗ ಅವರ ಹೆಂಡ್ತಿ ದೇಯಕ್ಕನಿಗೂ ಶುರುವಾಗಿದೆಯಂತೆ. ಪಾಪ, ಗಂಡನ ಬೊಂಡದಲ್ಲೇ ಅರ್ಧ ಕುಡೀತಿದ್ದಾಳೆ."